ಕಾಸ್ಪರನ ಹತ್ತು ದಿನ

ಆಗ್ಸ್‌ಬರ್ಗಿನ ನೇಕಾರರ ಕೇರಿಯಲ್ಲಿ ವಾಲ್ಬುರ್ಗಾ ಮುದುಕಿಯ ಮನೆಯಲ್ಲಿ ಒಂದೇ ಸೂರಿನಡಿ ಎರಡು ತಾರೀಕು ನಡೆಯುತ್ತಿದ್ದವು. ರೋಮಿನ ಪೋಪ್ ಕ್ಯಾಲೆಂಡರಿನಿಂದ ಹತ್ತು ದಿನ ಕಿತ್ತುಹಾಕಿದ್ದೇ ತಡ, ನಗರಸಭೆ ತಲೆಯಾಡಿಸಿತು, ಕ್ಯಾಥೊಲಿಕರು ಒಪ್ಪಿಕೊಂಡರು. ಲೂಥರನ ಕಡೆಯವರು ಮಾತ್ರ 'ನಮ್ಮ ದಿನ ಕದಿಯೋಕೆ ಅವನ್ಯಾರು?' ಎಂದು ಹಳೆಯದಕ್ಕೇ ಜೋತುಬಿದ್ದರು. ಅತ್ತೆ ಪೋಪನ ಪೈಕಿ, ಸೊಸೆ ಸಬೀನಾ ಲೂಥರನ ಪೈಕಿ. ಅತ್ತೆ ಉಪವಾಸವಿದ್ದ ದಿನವೇ ಸೊಸೆಯ ಒಲೆಯ ಮೇಲೆ ಮಾಂಸ ಘಮಘಮಿಸುವುದು. ಜಗಳಕ್ಕೆ ಇನ್ನೇನು ಬೇಕು?

ನಡುವೆ ಸಿಕ್ಕಿ ನಲುಗಿದವನು ಮಗ ಕಾಸ್ಪರ್. ಮದುವೆಗೋಸ್ಕರ ಹೆಂಡತಿಯ ಪಂಥ ಸೇರಿದ್ದ. ಆ ಬೇಸಿಗೆಯಲ್ಲಿ ಜ್ವರ ಬಂದು ಪಾಪ ತೀರಿಕೊಂಡ. ನೆಲಮಾಳಿಗೆಯ ಮಗ್ಗದ ಮೇಲೆ ಅವನು ಹಾಸಿದ್ದ ಬಿಳಿ ನೂಲು ಹಾಗೇ ಉಳಿಯಿತು.

ನವೆಂಬರ್ ಎರಡು, ಸತ್ತವರು ಒಂದು ರಾತ್ರಿ ಮನೆಗೆ ಬಂದು ಹೋಗುವ ಹಬ್ಬ. ಮುಸ್ಸಂಜೆ ವಾಲ್ಬುರ್ಗಾ ಜಡೆಯಂತೆ ಹೆಣೆದ ರೊಟ್ಟಿ, ಹಾಲು, ದೀಪ ಇಟ್ಟು, ಬಾಗಿಲು ಓರೆ ಮಾಡಿ, ಮಗನನ್ನು ಹೆಸರು ಹಿಡಿದು ಕರೆದಳು.

"ಅವರು ನಮ್ಮ ಪಂಥದಲ್ಲಿ ಸತ್ತೋರು ಅತ್ತೆ. ಅವರಿಗೆ ಇವತ್ತಿನ್ನೂ ಅಕ್ಟೋಬರ್ ಇಪ್ಪತ್ಮೂರು," ಎಂದಳು ಸಬೀನಾ.

"ಹೆತ್ತೋಳು ಕರೆದ್ರೆ ತಾರೀಕು ನೋಡ್ಕೊಂಡು ಬರ್ತಾನೇನೇ? ಬಾಯ್ಮುಚ್ಚು!"

ಬೆಳಿಗ್ಗೆ ಹಾಲಿನ ಬಟ್ಟಲು ಬರಿದಾಗಿತ್ತು. ಬಂದವರನ್ನು ಕಳಿಸಿಕೊಡುವ ಗಂಟೆ ಕ್ಯಾಥೊಲಿಕರ ಚರ್ಚಿನಲ್ಲಿ ಮೊಳಗಿತು, ವಾಲ್ಬುರ್ಗಾ ಬಾಗಿಲು ಹಾಕಿದಳು. ಮಧ್ಯಾಹ್ನ ನೆಲಮಾಳಿಗೆಯಲ್ಲಿ ಮಗ್ಗ ಲಟಕ್ ಲಟಕ್ ಎಂದಿತು.

ಸಬೀನಾ ಇಳಿದು ನೋಡಿದರೆ ಯಾರೂ ಇಲ್ಲ. ಲಾಳಿ ಮಾತ್ರ ಇನ್ನೂ ಅಲ್ಲಾಡುತ್ತಿತ್ತು. ಮಗ್ಗದ ಮೇಲೆ ನಾಲ್ಕು ಬೆರಳಗಲ ಹೊಸ ಬಟ್ಟೆ. ಮೆಟ್ಟಿಲ ಮೇಲೆ ಕೂತಿದ್ದ ನಾಲ್ಕು ವರ್ಷದ ಮಗಳು ಉರ್ಸೆಲ್ ನಕ್ಕಳು.

"ಅಪ್ಪ ನನಗೆ ನೇಯ್ತಿದಾರೆ."

ದಿನದಿನಕ್ಕೆ ಬಟ್ಟೆ ಬೆಳೆಯಿತು, ಮಗು ಸೊರಗಿತು. ಊಟ ಬಿಟ್ಟಿತು, ಅದರ ಕೈಕಾಲು ಬಾವಿಯ ನೀರಿನಂತೆ ತಣ್ಣಗಾದವು. ವಾಲ್ಬುರ್ಗಾಳ ಕಣ್ಣಿಗೆ ಇದಾವುದೂ ಬೀಳಲಿಲ್ಲ. ಮೆಟ್ಟಿಲ ಮೇಲೆ ಕೂತು ಕಾಲುಚೀಲ ಹೆಣೆಯುತ್ತಾ ಮಗ್ಗದೊಂದಿಗೆ ಕೇರಿಯ ಸುದ್ದಿಯೆಲ್ಲ ಹೇಳುವಳು. ಎಷ್ಟು ತಿಂಗಳ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು!

"ಕಳಿಸಿಬಿಡಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಸಬೀನಾ ಅತ್ತಳು. "ಆ ಗಂಟೆ ನಿಮ್ಮ ಚರ್ಚಿಂದು, ಅವರು ಯಾಕೆ ಕೇಳ್ತಾರೆ? ಅವರ ಲೆಕ್ಕಕ್ಕೆ ಹಬ್ಬ ಇನ್ನೂ ಬಂದೇ ಇಲ್ಲ. ನಾನು 'ಹೋಗಿ' ಅಂದೆ, ಕೇಳಲಿಲ್ಲ. ಕರೆದೋರು ನೀವು."

"ಮನೆಗೆ ಬಂದ ಮಗನ್ನ ಆಚೆ ದಬ್ಬು ಅಂತೀಯಾ? ನಿನ್ನ ನಾಲಿಗೆ ಸೇದಿಹೋಗ!"

ಒಂಬತ್ತನೆಯ ದಿನ ಉರ್ಸೆಲ್ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟಳು. "ಅಜ್ಜಿ, ಬಟ್ಟೆ ನಾಳೆ ಮುಗಿಯತ್ತಂತೆ. ಆಮೇಲೆ ಅಪ್ಪನ ಜೊತೆ ನಾನೂ ಹೋಗ್ತೀನಿ."

ಮುದುಕಿ ಹೆಣೆಯುತ್ತಿದ್ದ ಕಾಲುಚೀಲ ಕೆಳಗಿಟ್ಟಳು. ಮೊಮ್ಮಗಳ ಕೈ ಹಿಡಿದು ನೋಡಿದಳು, ಆಗ ಗೊತ್ತಾಯಿತು ಅದೆಷ್ಟು ತಣ್ಣಗಿದೆಯೆಂದು.

ಮರುದಿನ ಅವಳೇ ಹಿಟ್ಟು ನಾದಿ ಎರಡನೆಯ ಸಲ ಜಡೆ ರೊಟ್ಟಿ ಸುಟ್ಟಳು. "ಇವತ್ತು ನಿನ್ನ ಲೆಕ್ಕಕ್ಕೆ ಎಷ್ಟೇ?"

"ನವೆಂಬರ್ ಎರಡು ಅತ್ತೆ."

"ನನಗೂ ಎರಡೇ ಅಂದ್ಕೋ. ಪಾದ್ರಿ ಏನಾದ್ರೂ ಬೊಗಳಿಕೊಳ್ಳಲಿ."

ಸಂಜೆ ದೀಪ ಹಚ್ಚಿ, ಬಾಗಿಲು ಪೂರಾ ತೆರೆದು, ನೆಲಮಾಳಿಗೆಯತ್ತ ಬಗ್ಗಿ ಕೂಗಿದಳು. "ಕಾಸ್ಪರ್, ಇವತ್ತು ನಿನ್ನ ಹಬ್ಬ ಕಣಪ್ಪಾ. ತಿಂದು ಹೊರಡು."

ಮಗ್ಗ ನಿಂತಿತು. ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿದವು. ಅವಳ ಪಕ್ಕದಲ್ಲೇ ತಣ್ಣನೆಯದೇನೋ ಹಾದು ಹೊಸ್ತಿಲಲ್ಲಿ ನಿಂತಿತು, ದೀಪ ಅತ್ತ ವಾಲಿತು.

"ನಿಲ್ಲಬೇಡ. ಹೋಗು," ಎಂದವಳೇ ಬಾಗಿಲು ಧಡಾರನೆ ಮುಚ್ಚಿ ಅಗಳಿ ಹಾಕಿದಳು.

ಹೊರಗಿನಿಂದ ಮೂರು ಸಲ ಮೆಲ್ಲಗೆ ತಟ್ಟಿದ ಸದ್ದು. ಚಿಕ್ಕಂದಿನಲ್ಲಿ ತಡವಾಗಿ ಬಂದಾಗ ಕಾಸ್ಪರ್ ತಟ್ಟುತ್ತಿದ್ದುದು ಹಾಗೆಯೇ. ವಾಲ್ಬುರ್ಗಾ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕುಸಿದು ಅತ್ತಳು. ಅಗಳಿ ಮಾತ್ರ ತೆಗೆಯಲಿಲ್ಲ.

ಒಳಗಿನಿಂದ ಉರ್ಸೆಲ್ ಕೂಗಿದಳು. "ಅಮ್ಮಾ, ಹಸಿವು!"

ಮಗು ಹೊಟ್ಟೆ ತುಂಬಾ ತಿಂದು ಮಲಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಕೆಳಗಿಳಿದು ಆ ಬಟ್ಟೆ ಕತ್ತರಿಸಿ ತಂದರು. ವಾಲ್ಬುರ್ಗಾ ಅದನ್ನು ಮಗುವಿನ ಪಕ್ಕದಲ್ಲಿ, ಹೆಣಕ್ಕೆ ಹೊದಿಸುವ ಬಟ್ಟೆ ಅಳೆಯುವಂತೆ, ನೆತ್ತಿಯಿಂದ ಪಾದದವರೆಗೆ ಹಾಸಿ ನೋಡಿದಳು.

ಎರಡು ಬೆರಳಗಲ ಸಾಲದಾಗಿತ್ತು.