ಕ್ಲಿಪ್ಪಿನಲ್ಲಿ ನಕ್ಕವಳು

ಮುಖಕ್ಕೆ ಪೌಡರು ಹಚ್ಚುವ ಮೊದಲು ಮನುಷ್ಯನನ್ನು ಒಮ್ಮೆ ನಗಿಸಬೇಕು. ಆ ಸುದ್ದಿವಾಹಿನಿಯ ಮೇಕಪ್ಪಿನವಳಿಗೆ ಕೆಲಸ ಕಲಿಸಿದವರು ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಬಿಗಿದುಕೊಂಡ ಮುಖಕ್ಕೆ ಬಳಿದದ್ದು ಕ್ಯಾಮೆರಾದ ಮುಂದೆ ಮೊದಲ ನಗುವಿಗೇ ಬಿರುಕು ಬಿಡುತ್ತದೆ. ನಕ್ಕಾಗ ಗೆರೆ ಎಲ್ಲೆಲ್ಲಿ ಬೀಳುತ್ತದೆಂದು ನೋಡಿಕೊಂಡು, ಅಲ್ಲಿ ಕೈ ಹಗುರ ಮಾಡಬೇಕು. ಹತ್ತೊಂಬತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತ ಡಾಕ್ಟರು, ವಕೀಲರು, ಮಂತ್ರಿಗಳನ್ನೆಲ್ಲ ಅವಳು ನಗಿಸುತ್ತಲೇ ಬಂದಿದ್ದಳು. ಅದಕ್ಕೆ ಅವಳ ಬಳಿ ಇದ್ದ ಸರಕು ಒಂದೇ, ತಾನು ಹುಟ್ಟಿದ ಹಳ್ಳಿ. ಊರಿನವರ ಜಂಬ, ಊರಿನವರ ಜಗಳ, ಅಕ್ಕನ ಗಂಡನ ಮೀಸೆ, ಎಲ್ಲಕ್ಕೂ ಉಪ್ಪುಖಾರ ಹಚ್ಚಿ ಬಡಿಸುತ್ತಿದ್ದಳು. ಊರಿಗೆ ಹೋದಾಗ ಅದೇ ಭಾವನ ಎದುರು ತಲೆಯೆತ್ತದೆ ಕೂರುತ್ತಿದ್ದಳೆನ್ನುವುದು ಬೇರೆ ಮಾತು.

ಹೋದ ಸೋಮವಾರ ಕುರ್ಚಿಯಲ್ಲಿ ಕೂತವನು ಚುನಾವಣೆಯ ಅಭ್ಯರ್ಥಿ. ತಡವಾಗಿ ಬಂದಿದ್ದರಿಂದ ಧ್ವನಿ ವಿಭಾಗದವರು ಮೇಕಪ್ ಕೋಣೆಯಲ್ಲೇ ಅವನ ಕಾಲರಿಗೆ ಮೈಕು ಸಿಕ್ಕಿಸಿ ಹೋಗಿದ್ದರು. ಮುಖ ಮರದ ಹಲಗೆಯ ಹಾಗಿತ್ತು. ಹಳ್ಳಿ ಕಡೆ ಪ್ರಚಾರ ಹೇಗಿದೆ ಸಾರ್ ಎಂದು ಕೇಳಿದಳು. ಅವನು ಕತ್ತು ಅಲ್ಲಾಡಿಸಿದ, ನಗಲಿಲ್ಲ. ಅವಳು ಎಂದಿನಂತೆ ತನ್ನ ಊರನ್ನು ಹೊರಗೆ ತೆಗೆದಳು.

"ನಮ್ಮೂರಲ್ಲಿ ಓಟು ಅಂದ್ರೆ ಕುರಿ ಹಳ್ಳ ದಾಟಿದ ಹಾಗೆ ಸಾರ್. ಮುಂದಿನದು ಹಾರಿದ್ರೆ ಹಿಂದಿನವು ಯಾಕೆ ಅಂತಾನೂ ಕೇಳಲ್ಲ."

ಅಭ್ಯರ್ಥಿಯ ಮುಖ ಅರಳಿತು. ಮಾತನ್ನು ಸಕ್ಕರೆಯಂತೆ ಬಾಯಲ್ಲಿ ಒಂದು ಸುತ್ತು ತಿರುಗಿಸಿ, "ಹಳ್ಳಿ ಓಟು ಕುರಿ ಹಳ್ಳ ದಾಟಿದ ಹಾಗೆ. ಮುಂದಿನ ಕುರಿ ಕಿವಿ ಹಿಡಿದ್ರೆ ಸಾಕು, ಮಿಕ್ಕವಕ್ಕೆ ಹುಲ್ಲೂ ಹಾಕಬೇಕಿಲ್ಲ" ಎಂದ. ಅವಳು ಜೋರಾಗಿ ನಕ್ಕಳು. ನಗುತ್ತಲೇ ಅವನ ಗೆರೆಗಳನ್ನು ಗುರುತಿಸಿಕೊಂಡಳು.

ಬುಧವಾರ ಬೆಳಿಗ್ಗೆ ಅದು ಬೇರೊಂದು ವಾಹಿನಿಯಲ್ಲಿ ಬಂತು. ಯಾರು ಮುಟ್ಟಿಸಿದರೋ, ಕಾಲರಿನ ಮೈಕು ಹಿಡಿದಿಟ್ಟಿದ್ದ ಹನ್ನೊಂದು ಸೆಕೆಂಡಿನ ಕ್ಲಿಪ್ಪು. ಅವಳ ಮಾತಿಗೆ ಕತ್ತರಿ ಬಿದ್ದಿತ್ತು. ಅವನ ಮಾತು, ಹಿಂದೆಯೇ ಹೆಂಗಸೊಬ್ಬಳ ನಗು. ಮೊದಲ ದಿನ ಜನ ಅಭ್ಯರ್ಥಿಯನ್ನು ಬೈದರು; ಅವನ ಪ್ರಚಾರದ ವಾಹನಗಳನ್ನು ಊರಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಎರಡನೆಯ ದಿನ ನಗುವಿನ ಮಾತು ಎದ್ದಿತು. ಹೇಳಿದವನಿಗಿಂತ ನಕ್ಕವಳು ಹೆಚ್ಚು ಉರಿಸಿದ್ದಳು. ಎಲ್ಲ ಪರದೆಗಳ ಮೇಲೂ ಒಂದೇ ಪ್ರಶ್ನೆ, ಯಾರವಳು? ಅವನ ಪಕ್ಷದ ಮಹಿಳಾ ಕಾರ್ಯಕರ್ತೆಯೊಬ್ಬಳ ನಗು ಹಾಗೇ ಇದೆಯೆಂದು ಯಾರೋ ಅಂದರು. ಸಂಜೆಯೊಳಗೆ ಆಕೆಯ ಮನೆಯ ಕಿಟಕಿಗಾಜು ಒಂದೂ ಉಳಿಯಲಿಲ್ಲ. ಕಲ್ಲು ಎಸೆದವರಿಗೆ ಅನುಮಾನವಿರಲಿಲ್ಲ, ಆಕೆ ಅತ್ತಿದ್ದನ್ನು ಕೂಡ ನಾಟಕವೆಂದರು.

ಮೇಕಪ್ಪಿನವಳು ಅದನ್ನು ತನ್ನ ಕೋಣೆಯ ಪುಟ್ಟ ಟಿವಿಯಲ್ಲಿ ನೋಡಿದಳು. ನಕ್ಕವಳು ತಾನೆಂದು ಹೋಗಿ ಹೇಳಬೇಕು ಅನ್ನಿಸಿತು. ಹೋಗಲಿಲ್ಲ. ಸಂಪಾದಕರು ಆಗಲೇ ಕರೆದು, ಬಾಯಿಗೆ ಬೀಗ ಹಾಕಿಕೊಂಡಿರು, ಇದು ತಾನಾಗಿ ತಣ್ಣಗಾಗುತ್ತದೆ ಎಂದಿದ್ದರು.

ಆ ಹೊತ್ತಿಗೆ ಅಕ್ಕನ ಫೋನು ಬಂತು. ಅವಳ ದನಿ ಸೆರಗಿನೊಳಗಿಂದ ಬಂದ ಹಾಗಿತ್ತು.

"ಪುಟ್ಟಿ, ನಿಂಗೆ ಹಲ್ಲು ಬರೋ ಮುಂಚಿನಿಂದ ಆ ನಗು ಕೇಳಿದೀನಿ. ನನ್ ಹತ್ರ ಸುಳ್ಳು ಹೇಳ್ಬೇಡ."

ಅವಳು ಸುಳ್ಳು ಹೇಳಲಿಲ್ಲ. ಅಕ್ಕ ಉಳಿದದ್ದನ್ನು ತಿಳಿಸಿದಳು. ಊರ ಗಂಡಸರೆಲ್ಲ ಅಕ್ಕನ ಮನೆಯ ಜಗಲಿಯಲ್ಲೇ ಕೂತು ಕ್ಲಿಪ್ಪನ್ನು ಹಾಕಿ ಹಾಕಿ ಕೇಳುತ್ತಿದ್ದಾರೆ. ಪ್ರತಿಭಟನೆಗೆ ಭಾವನೇ ಮುಂದಾಳು. ನಿನ್ನ ನಾದಿನಿ ಅಲ್ಲೇ ಕೆಲಸ ಮಾಡ್ತಾಳಲ್ಲ ಎಂದು ಒಬ್ಬ ಕೆಣಕಿದ್ದಾನೆ. ಭಾವ ಅಕ್ಕನ ಮುಖ ನೋಡಿದ್ದಾನೆ. ಆ ವಾರವೆಲ್ಲ ತಂಗಿ ರಜೆಯಲ್ಲಿದ್ದಳೆಂದು ಅಕ್ಕ ಎಲ್ಲರೆದುರಿಗೆ ಆಣೆಯಿಟ್ಟು ಹೇಳಿದ್ದಾಳೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಹೇಳಿದ ಮೊದಲ ಸುಳ್ಳು.

"ಇವರು ನಂಬಿದ್ರು" ಎಂದಳು ಅಕ್ಕ. "ನಂಬಿ, ಆ ಕೆಣಕಿದೋನಿಗೆ ಹೊಡೆದೂ ಬಿಟ್ರು. ಅದಕ್ಕೇ ಭಯ ಆಗೋದು."

ಶುಕ್ರವಾರ ಬೆಳಿಗ್ಗೆ ಅಭ್ಯರ್ಥಿ ಸ್ಪಷ್ಟನೆ ಕೊಡಲು ಬಂದ. ಆ ಅಮ್ಮನೇ ಬರಲಿ ಎಂದು ಕೇಳಿ ಅವಳನ್ನು ಕರೆಸಿಕೊಂಡ. ಅವನನ್ನು ನಗಿಸುವ ಕೆಲಸ ಅವಳಿಗೆ ಬೀಳಲಿಲ್ಲ. ಕೂತವನೇ ಮುಗುಳ್ನಗುತ್ತಿದ್ದ.

"ಅದು ನಿಮ್ದೇ ಮಾತಲ್ವೇನಮ್ಮ?"

"ಅರ್ಧ ನಂದು ಸಾರ್. ಕಿವಿ ಹಿಡಿಯೋ ಮಾತು ನಿಮ್ದು."

"ಜನಕ್ಕೆ ಅಷ್ಟೆಲ್ಲ ಅಳೆದು ನೋಡೋ ಪುರುಸೊತ್ತು ಇರಲ್ಲಮ್ಮ."

ನನ್ನ ಹೆಸರು ಎತ್ತಬೇಡಿ, ಊರಲ್ಲಿ ಅಕ್ಕ ಇದ್ದಾಳೆ ಎಂದು ಅವಳು ಬೇಡಿಕೊಂಡಳು. ಹೆಸರು ಯಾಕೆ ಹೇಳಲಿ ಎಂದು ಅವನು ಕಣ್ಣು ಮುಚ್ಚಿ ಮುಖವೊಡ್ಡಿದ. ಆ ಮುಖಕ್ಕೆ ಅವಳು ಪೌಡರು ಹಚ್ಚಿದಳು, ಚೆನ್ನಾಗಿಯೇ ಹಚ್ಚಿದಳು. ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಅವನು ಮಾತು ತಪ್ಪಲಿಲ್ಲ. ಹೆಸರು ಹೇಳಲಿಲ್ಲ. ಕ್ಯಾಮೆರಾ ಕಡೆ ನೋಡಿ, ಅದು ತನ್ನ ಮಾತಲ್ಲವೆಂದ; ಇದೇ ಕಟ್ಟಡದ ಮೇಕಪ್ ಕೋಣೆಯಲ್ಲಿ, ಹಳ್ಳಿಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳೊಬ್ಬಳು ತನ್ನವರ ಬಗ್ಗೆ ಆಡಿದ್ದನ್ನು ಕೇಳಿ ನೊಂದು ಪುನರುಚ್ಚರಿಸಿದೆನೆಂದ. ನೊಂದು ಅನ್ನುವಾಗ ಅವನ ಗೆರೆಗಳ ಬಳಿ ಪೌಡರು ಒಂದಿಷ್ಟೂ ಬಿರಿಯಲಿಲ್ಲ.

ಅವಳು ಬ್ರಶ್ಶನ್ನು ಕೆಳಗಿಟ್ಟು ಅಕ್ಕನಿಗೆ ಫೋನು ಹಚ್ಚಿದಳು. ಎತ್ತಿದವನು ಭಾವ. ಬೈಯಬಹುದೆಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನ ಹಿಂದೆ ತುಂಬ ಜನ ಮಾತಿಲ್ಲದೆ ಕೂತಿರುವ ಸದ್ದಿತ್ತು, ಯಾರೋ ಕೆಮ್ಮಿದರು.

"ಅಕ್ಕನಿಗೆ ಕೊಡಿ ಭಾವ."

"ಅವಳು ಒಳಗಿದ್ದಾಳೆ. ಅವಳು ಹೇಳೋದೆಲ್ಲ ಮುಗೀತು." ದನಿ ಮೆತ್ತಗಿತ್ತು. "ನೀನು ಯಾವಾಗ ಬರ್ತೀಯಮ್ಮ?"

ಅವಳು ಸಂಪಾದಕರಿಗೆ ಹೇಳದೆ, ಚೀಲವನ್ನೂ ತೆಗೆದುಕೊಳ್ಳದೆ ಹೊರಟಳು. ಹೋಗದೆ ಉಳಿಯಬಹುದಿತ್ತು. ಉಳಿದರೆ ಆ ಜಗಲಿಯವರೆಲ್ಲ ಅಕ್ಕನ ಕಡೆ ತಿರುಗುತ್ತಾರೆ ಅನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮಧ್ಯಾಹ್ನದ ಬಸ್ಸು ಅರ್ಧ ಖಾಲಿಯಿತ್ತು. ಊರಿನ ಹೆಸರು ಹೇಳಿದಾಗ ಕಂಡಕ್ಟರು ಅವಳನ್ನು ಎರಡು ಸಲ ನೋಡಿದ.

"ಇವತ್ತು ಬಸ್ಸು ಊರೊಳಗೆ ಹೋಗಲ್ಲಮ್ಮ, ದಾರಿ ಕಟ್ಟಿದ್ದಾರೆ. ಕವಲಿನಲ್ಲಿ ಇಳಿದು ನಡೀಬೇಕು. ಕರ್ಕೊಂಡು ಹೋಗೋಕೆ ಯಾರಾದ್ರೂ ಬರ್ತಾರಾ?"

"ಬಂದಿರ್ತಾರೆ" ಎಂದಳು ಅವಳು.