ಒಲೆಗಲ್ಲದ ಕಟ್ಟಿಗೆ

ಒಬ್ಬ ಹೆಂಗಸು ನನ್ನ ಮೈ ಒರೆಸುತ್ತಿದ್ದಳು. ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡಿದ್ದಳು. ಒಂದು ಹಲಗೆ ಎತ್ತುವಳು, ಗೋಣಿಯ ತುಂಡಿನಿಂದ ಅದರ ಮೇಲಿನ ಹೊಟ್ಟು ಒರೆಸುವಳು, ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತುವಳು. ನನ್ನ ಸರದಿ ಬಂದಾಗ ಗಂಟಿನ ಜಾಗದಲ್ಲಿ ಮೆತ್ತಿಕೊಂಡಿದ್ದ ಮರದ ಅಂಟನ್ನು ಉಗುರಿನಿಂದ ಕೆರೆದು ತೆಗೆದಳು. ಅಲ್ಲಿಯವರೆಗೆ ನನ್ನನ್ನು ಮುಟ್ಟಿದ್ದೆಲ್ಲ ಕಬ್ಬಿಣ. ಮನುಷ್ಯರ ಕೈ ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ನಾನು ಒಂದು ಪೈನ್ ಮರದ ಹಲಗೆ. ನನ್ನ ಮರ ಸಮುದ್ರದಾಚೆ, ಚಳಿಯ ಗುಡ್ಡವೊಂದರ ಮೇಲೆ ಸಾಲಾಗಿ ನೆಟ್ಟ ತೋಪಿನಲ್ಲಿ ಬೆಳೆದಿತ್ತು. ಅದನ್ನು ಕಡಿದು ಹಡಗಿಗೆ ಹಾಕಿದರು. ಮಂಗಳೂರಿನ ಕಡೆಯ ಒಂದು ಮಿಲ್ಲಿನಲ್ಲಿ ಸೀಳಿದರು. ಮರ ಅಲ್ಲಿಗೆ ಮುಗಿಯಿತು, ನಾನು ಅಲ್ಲಿ ಶುರುವಾದೆ.

ಒರೆಸಿದ ಮೇಲೆ ನಮ್ಮನ್ನೆಲ್ಲ ಉದ್ದನೆಯ ಕಬ್ಬಿಣದ ಟ್ಯಾಂಕಿನೊಳಗೆ ನೂಕಿ ಬಾಗಿಲು ಬಿಗಿದರು. ಮೊದಲು ನಮ್ಮೊಳಗಿನ ಗಾಳಿಯನ್ನು ಹೀರಿ ತೆಗೆದರು. ಆಮೇಲೆ ಹಸಿರು ನೀರನ್ನು ಒತ್ತಿ ಒತ್ತಿ ತುಂಬಿದರು. ಬೇಡವೆಂದರೂ ಅದು ಒಳಗೆ ಬಂತು. ಹೊರಗೆ ತೆಗೆದಾಗ ನಾವೆಲ್ಲ ತಿಳಿ ಹಸಿರಾಗಿದ್ದೆವು, ಭಾರವಾಗಿದ್ದೆವು, ನೀರು ಸೋರುತ್ತಿತ್ತು.

ಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಹಸಿರು ತುಂಡುಗಳನ್ನು, ನಮ್ಮನ್ನು ಒಯ್ಯಲು ಬಂದ ಲಾರಿಯ ಕ್ಲೀನರ್ ನೋಡಿದ.

“ಇದ್ರಲ್ಲಿ ನಾಲ್ಕು ತುಂಡು ಕೊಡಿ ಮಾರಾಯ್ರೆ, ಬಚ್ಚಲೊಲೆಗೆ ಆಗ್ತದೆ.”

ಟ್ಯಾಂಕ್ ನೋಡಿಕೊಳ್ಳುವವನು ನಕ್ಕ. “ಮಂಡೆ ಸಮ ಇಲ್ವಾ ನಿಂಗೆ? ಇದ್ರೊಳಗೆ ಇರುವುದು ಪಾಷಾಣ. ಗೆದ್ದಲು ತಿಂದ್ರೆ ಗೆದ್ದಲು ಸಾಯ್ತದೆ. ನೀನು ಸುಟ್ರೆ ಹೊಗೆ ಕುಡಿದು ನೀನು ಸಾಯ್ತಿ. ಬೂದಿಯೂ ವಿಷವೇ.”

“ಮತ್ತೆ ಇದ್ರ ಮೇಲೆ ಜನ ನಡೆಯುವುದು ಹೇಗೆ?”

“ನಡೀಲಿಕ್ಕೆ ಏನೂ ಇಲ್ಲ. ಸುಡ್ಲಿಕ್ಕೆ ಇಲ್ಲ, ಅಷ್ಟೆ.”

ನಿಜ ಹೇಳಬೇಕೆಂದರೆ ಆಗ ನನಗೆ ಭಯವಾಗಲಿಲ್ಲ. ಜಂಬ ಬಂತು. ಹುಳ ಮುಟ್ಟುವುದಿಲ್ಲ, ನೀರು ಕೊಳೆಸುವುದಿಲ್ಲ ಎಂದರೆ ಯಾವ ಹಲಗೆಗೆ ತಾನೆ ಜಂಬ ಬರುವುದಿಲ್ಲ?

ಲಾರಿ ನಮ್ಮನ್ನು ವಿಜಯಪುರದ ಸೀಮೆಗೆ, ಕೃಷ್ಣೆಯ ಹಿನ್ನೀರಿನ ದಡಕ್ಕೆ ತಂದು ಇಳಿಸಿತು. ಅಲ್ಲಿ ಯಾರೋ ಶ್ರೀಮಂತರು ಪ್ರವಾಸಿಗರಿಗಾಗಿ ವಸತಿಗೃಹ ಕಟ್ಟಿಸುತ್ತಿದ್ದರು. ಅದರ ಮುಂದೆ, ನೀರಿನ ಕಡೆಗೆ ಚಾಚಿದ ಹಲಗೆಯ ಜಗಲಿ ಬೇಕಾಗಿತ್ತು. ಅವರು ಅದನ್ನು ಡೆಕ್ ಎನ್ನುತ್ತಿದ್ದರು. ಕೆಲಸಕ್ಕೆ ಬರುವ ಹೆಂಗಸರು ‘ಕಟ್ಟಿಗಿ ಕಟ್ಟಿ’ ಎನ್ನುತ್ತಿದ್ದರು.

ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ಕಲ್ಲುಗಳು ಕಾದು ವಾಸನೆ ಬರುತ್ತಿತ್ತು. ನಮ್ಮನ್ನು ಬಯಲಿನಲ್ಲೇ ಒಟ್ಟಿದರು. ಬಡಿಗ ಮಾನಪ್ಪ ಬಂದವನೇ ತಲೆ ಚಚ್ಚಿಕೊಂಡ.

“ನೆರಳಾಗ ಒಟ್ಟಬೇಕ್ರೀ ಸರ್. ಹಸಿ ಹಲಗಿ ಅದಾವು, ಬಿಸಲಿಗೆ ಹಪ್ಪಳ ಆಕ್ಕಾವು.”

“ನೆರಳ ಎಲ್ಲೈತೋ ಮಾನಪ್ಪ?” ಎಂದ ಸೂಪರ್‌ವೈಸರ್ ಗುರುಪಾದ. “ಇಲ್ಲಿ ನೆರಳಂದ್ರ ನನ್ನ ತಲಿ ಮ್ಯಾಲಿನ ಟವೆಲ್ ಒಂದ.”

ನಾನು ಒಟ್ಟಿನ ಮೇಲ್ಗಡೆಯೇ ಇದ್ದೆ. ಸಂಜೆಯೊಳಗೆ ನನ್ನ ಒಂದು ತುದಿ ಮೇಲಕ್ಕೆ ತಿರುಚಿಕೊಂಡಿತು.

ಬೆಳಕು ಹರಿಯುವ ಮೊದಲು ಕೆಲಸ ಶುರುವಾಗುತ್ತಿತ್ತು. ಬಿಸಿಲೇರಿದರೆ ಸ್ಕ್ರೂ ಮುಟ್ಟಿದ ಬೆರಳಿಗೆ ಬೊಬ್ಬೆ ಬರುತ್ತಿತ್ತು. ಹಲಗೆಗಳು ಒಣಗಿ ಕುಗ್ಗುತ್ತವೆ, ಆಗ ಸಂದು ತಾನಾಗಿ ಬೀಳುತ್ತದೆ ಎಂದು ಮಾನಪ್ಪ ಒಂದಕ್ಕೊಂದು ತಾಗಿಸಿಯೇ ಕೂಡಿಸುತ್ತಿದ್ದ. ಮೊದಲ ಸಾಲುಗಳು ಮುಗಿದಾಗ ಗುರುಪಾದ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ಎರಡೇ ಹೆಜ್ಜೆಗೆ ಕುಣಿದು ಕೆಳಗೆ ಹಾರಿದ.

“ಇದೇನ ಡೆಕ್ಕೋ, ರೊಟ್ಟಿ ಹಂಚೋ?”

“ಬಂದವರು ಮ್ಯಾಲ ನಿಂತ ರೊಟ್ಟಿ ತಿಂತಾರ್ರೀ ಸರ್, ಕಾಲ ಕೆಳಗ ಬೇಯಿಸ್ಕೊಂಡು,” ಎಂದ ಮಾನಪ್ಪ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹುಲಿಗೆವ್ವ.

ಹುಲಿಗೆವ್ವ ಅಲ್ಲಿ ಕಸ ಗುಡಿಸುವವಳು. ಹಲಗೆಗಳು ಸೀಳದಿರಲೆಂದು ಆಗಾಗ ನೀರು ಚಿಮುಕಿಸುವುದೂ ಅವಳ ಕೆಲಸವೇ. ನಗು ಬಹಳ, ಆದರೆ ನಕ್ಕ ಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಒಂದು ದಿನ ಮಾನಪ್ಪನಿಗೆ ಹೇಳುತ್ತಿದ್ದಳು: “ನನ್ನ ಮಗಳು ಶಾವಂತ್ರಿಗೆ ದಿನಾ ತುಂಬ್ಯಾವು ಅಣ್ಣಾ. ಹಿಂದಿನ ಎರಡೂ ಹುಟ್ಟಿದ ತಿಂಗಳದಾಗ ಹೋದೂವು. ಇದೊಂದರ ಉಳೀಲಿ ಅಂತ ನಾ ಕಂಡಕಂಡ ಕಲ್ಲಿಗೆಲ್ಲಾ ಕೈ ಮುಗಿಯಾಕತ್ತೀನಿ.”

“ಉಳಿತೈತಿ ತಗಿಯಬೇ ಅಕ್ಕಾ,” ಎಂದ ಮಾನಪ್ಪ, ಗರಗಸದಿಂದ ಕಣ್ಣು ತೆಗೆಯದೆ.

ಕೊನೆಯ ಸಾಲಿಗೆ ನನ್ನನ್ನು ಎತ್ತಿಕೊಂಡ. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ. ತಿರುಚಿದ ತುದಿಯನ್ನು ಕತ್ತರಿಸಿ ಬೇರೆ ಮಾಡಿದ. ನೆಟ್ಟಗಿದ್ದ ಭಾಗ ಡೆಕ್ಕಿಗೆ ಸೇರಿತು. ಸೊಟ್ಟಗಿದ್ದ ತುಂಡು ನೆಲಕ್ಕೆ ಬಿತ್ತು. ಈಗ ನಿಮ್ಮ ಜೊತೆ ಮಾತಾಡುತ್ತಿರುವುದು ಆ ತುಂಡು.

ಅವತ್ತು ಚಹಾ ಕಾಯಿಸಲು ಯಾರೋ ನನ್ನಂತೆ ಕತ್ತರಿಸಿ ಬಿದ್ದಿದ್ದ ನಾಲ್ಕಾರು ತುಂಡುಗಳನ್ನು ಮೂರು ಕಲ್ಲಿನ ನಡುವೆ ಹಾಕಿದರು. ಹೊಗೆ ಎದ್ದಿತು. ಮಾನಪ್ಪ ಕೆಮ್ಮಿ ಕೆಮ್ಮಿ, ಕಣ್ಣು ಕೆಂಪಗಾಗಿ, ನೀರು ಸುರಿದು ಒಲೆ ಆರಿಸಿದ. ಗೋವಾದಲ್ಲಿ ಇಂಥದೇ ಕೆಲಸ ಮಾಡಿದ್ದಾಗ ತುಂಡುಗಳನ್ನು ಹೂಳಿಸಿದ್ದು ಅವನಿಗೆ ನೆನಪಾಯಿತು. ಕೆಲಸ ಮುಗಿಸಿ ಊರಿಗೆ ಹೊರಟಾಗ ಗುರುಪಾದನಿಗೆ ಹೇಳಿದ:

“ಸರ್, ಈ ತುಂಡು ಯಾರಿಗೂ ಕೊಡಬ್ಯಾಡ್ರಿ. ಇದರ ಹೊಗಿ ಚಲೋ ಅಲ್ಲ. ತೆಗ್ಗ ತೋಡಿ ಮುಚ್ಚಿಬಿಡ್ರಿ.”

“ಆತಪಾ ಆತು. ನಿನ್ನ ಬಸ್ ಹೋಗ್ತೈತಿ, ನೋಡಿನ್ನ.”

ಮಾನಪ್ಪ ಅತ್ತಿತ್ತ ನೋಡಿದ. ಅವನ ಕಣ್ಣು ಹುಲಿಗೆವ್ವನನ್ನು ಹುಡುಕುತ್ತಿತ್ತು. ಆಕೆ ಬಂದಿರಲಿಲ್ಲ. ಮಗಳಿಗೆ ಬೇನೆ ಎದ್ದಿತ್ತು. ಬಸ್ಸು ಹಾರ್ನ್ ಹೊಡೆಯಿತು. ಅವನು ಹೋದ.

ಹುಲಿಗೆವ್ವ ಮತ್ತೆ ಕೆಲಸಕ್ಕೆ ಬಂದಾಗ ಕೈಯಲ್ಲಿ ಸಕ್ಕರೆಯ ಪೊಟ್ಟಣವಿತ್ತು. “ಹೆಣ್ಣ ಕೂಸ್ರೀ! ನೋಡಾಕ ಗೊಂಬಿ ಆಗೈತಿ!” ಎಂದು ಎಲ್ಲರ ಅಂಗೈಗೂ ಹಾಕಿದಳು. ಗುರುಪಾದ ಸಕ್ಕರೆ ಬಾಯಿಗೆ ಹಾಕಿಕೊಂಡ. ನಮ್ಮ ರಾಶಿಯನ್ನು ನೋಡಿದ. ಹಾರೆ ಇಳಿಯದ ಕಲ್ಲುನೆಲವನ್ನು ನೋಡಿದ. ಮತ್ತೆ ಹುಲಿಗೆವ್ವನನ್ನು ನೋಡಿದ.

“ಬಾಣಂತಿ ಮನಿ, ಕಟ್ಟಿಗಿ ಬೇಕಲ್ಲಬೇ? ಇವನ್ನೆಲ್ಲಾ ಒಯ್ಯಿ. ಫಾರಿನ್ ಕಟ್ಟಿಗಿ.”

“ದೇವರು ನಿಮ್ಮನ್ನ ಚಲೋ ಇಡಲ್ರೀ ಸರ್!”

ಅವನು ಕೆಟ್ಟವನಲ್ಲ. ಅವನ ಮುಖದಲ್ಲಿ ಕೊಟ್ಟ ಸಂತೋಷವೇ ಇತ್ತು. ಮಾನಪ್ಪನ ಮಾತು ಅವನಿಗೆ ನೆನಪಿತ್ತೋ ಇಲ್ಲವೋ, ನಾನು ಕೆಳಗಿನಿಂದ ಎಷ್ಟು ನೋಡಿದರೂ ತಿಳಿಯಲಿಲ್ಲ. ನಾನು ಕೂಗಿದೆ. ಹಲಗೆಯ ಕೂಗು ಹಲಗೆಗಳಿಗೆ ಮಾತ್ರ ಕೇಳುತ್ತದೆ. ರಾಶಿಯಲ್ಲಿದ್ದವರೆಲ್ಲ ಕೂಗುತ್ತಿದ್ದರು.

ಹುಲಿಗೆವ್ವ ಸಿಂಬಿಯ ಮೇಲೆ ಹೊರೆ ಹೊತ್ತು ನಡೆದಳು. ದಾರಿಯುದ್ದಕ್ಕೂ ಏನೋ ಗುನುಗುತ್ತಿದ್ದಳು.

ಅವಳದು ತಗಡಿನ ಮಾಡಿನ ಒಂದೇ ಕೋಣೆಯ ಮನೆ. ಕಿಟಕಿಗೆ ಹಳೆಯ ಸೀರೆ ತುರುಕಿದ್ದರು. ಬಾಣಂತಿಗೆ ಗಾಳಿ ತಾಗಬಾರದಲ್ಲ. ಹಗ್ಗ ಹೆಣೆದ ಹೊರಸಿನ ಮೇಲೆ ಶಾವಂತ್ರಿ, ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಅವಳ ಮಗ್ಗುಲಲ್ಲಿ ಅಂಗೈಯಷ್ಟು ಮುಖದ ಕೂಸು. ಹೊರಸಿನ ಕೆಳಗೆ ಕೆಂಡ ತುಂಬಿದ ಕಬ್ಬಿಣದ ಬೋಗುಣಿ. ಹೊರಗೆ ಬೇಸಿಗೆಯ ಬೆಂಕಿ, ಒಳಗೆ ಈ ಬೆಂಕಿ. ತಾಯಿ ಮಗುವಿನ ಮೈ ಕಾಸುವುದು ಅಲ್ಲಿಯ ಪದ್ಧತಿ.

ನನ್ನನ್ನು ಮಾತ್ರ ಹುಲಿಗೆವ್ವ ಬೇರೆ ಇಟ್ಟಳು. ನೀರೆರೆಯುವಾಗ ಕೂರಲು ಮಣೆ ಮಾಡಿಕೊಂಡಳು. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಬೆಚ್ಚನೆಯ ನೀರು ಹೊಯ್ಯುತ್ತಿದ್ದಳು. ಆ ನೀರು ನನ್ನ ಮೇಲೆ ಹರಿದು ಹೋಗುತ್ತಿತ್ತು. ಆಮೇಲೆ ನನ್ನನ್ನು ಗೋಡೆಗೆ ಒರಗಿಸಿಡುತ್ತಿದ್ದಳು. ಅಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಕಾಣದಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನ ಜೊತೆಯವರು ಮೊದಲ ಸಲ ಹೊತ್ತಿಕೊಂಡಾಗ ಉರಿಯ ಅಂಚು ಹಸಿರಾಗಿತ್ತು.

“ನೋಡ ಶಾವಂತ್ರಿ, ಫಾರಿನ್ ಬೆಂಕಿ!” ಎಂದು ಹುಲಿಗೆವ್ವ ನಕ್ಕಳು. ಶಾವಂತ್ರಿಯೂ ನಕ್ಕಳು. ನಗುತ್ತಲೇ ಕೆಮ್ಮಿದಳು.

ಮಾರನೆಯ ದಿನ ಕೂಸು ಕೆಮ್ಮತೊಡಗಿತು. ಕೂಸಿನ ಕೆಮ್ಮು ಕೆಮ್ಮಿನಂತೆ ಕೇಳುವುದಿಲ್ಲ. ಒಣ ಎಲೆ ಮುರಿದಂತಿರುತ್ತದೆ. ಕುಡಿದ ಹಾಲೆಲ್ಲ ಕಕ್ಕಿತು. ಪಕ್ಕದ ಮನೆಯ ಮುದುಕಿ ಗಂಗವ್ವಾಯಿ ಬಂದು ಅದರ ಎದೆಗೆ ಕಿವಿಯಿಟ್ಟಳು.

“ಥಂಡಿ ಆಗೈತಿ. ನೀ ಕಾಸೂದು ಸಾಲವಲ್ದು.”

“ಇಷ್ಟ ಬೆಂಕಿ ಹಾಕಿನಲ್ಲ ಆಯಿ.”

“ಇನ್ನಷ್ಟು ಹಾಕು.”

ಹುಲಿಗೆವ್ವ ಇನ್ನಷ್ಟು ಹಾಕಿದಳು. ಕೂಸು ಇನ್ನಷ್ಟು ಕೆಮ್ಮಿತು. ಆಗ ಮತ್ತೂ ಹಾಕಿದಳು. ಹೀಗೇ ನಡೆಯಿತು. ಗೋಡೆಗೊರಗಿ ನಿಂತು ನಾನು ನೋಡಿದೆ. ಪ್ರೀತಿಯಿಂದ ಊದುಗೊಳವೆ ಊದುವ ಅಜ್ಜಿಯನ್ನು ಯಾರು ತಡೆಯುತ್ತಾರೆ?

ಶಾವಂತ್ರಿಗೆ ವಾಂತಿ ಶುರುವಾಯಿತು. ತಲೆ ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. “ಯವ್ವಾ, ಕಣ್ಣ ಉರಿಯಾಕತ್ತಾವು. ಈ ಹೊಗಿ ಸಾಕಬೇ,” ಎಂದಳು.

ಹುಲಿಗೆವ್ವ ಅವಳ ಕಡೆ ನೋಡಲಿಲ್ಲ. “ಹಿಂದಿನ ಎರಡಕ್ಕೂ ನಾ ಕಟ್ಟಿಗಿ ತರಾಕ ಆಗದ ಸರಿಯಂಗ ಕಾಸಲಿಲ್ಲ. ಅದಕ್ಕ ಹೋದೂವು. ಈ ಸಲ ನಾ ಬಿಡಂಗಿಲ್ಲ ಶಾವಂತ್ರಿ. ಸುಮ್ಮ ಮಲಕೋ.”

ಒಂದು ದಿನ ಕೂಸನ್ನು ಎತ್ತಿಕೊಂಡು ತಾಯಿ ಮಗಳು ಇಬ್ಬರೂ ತಾಲ್ಲೂಕಿನ ದವಾಖಾನೆಗೆ ಹೋದರು. ರಾತ್ರಿ ಅಲ್ಲೇ ಇಟ್ಟುಕೊಂಡರಂತೆ. ಮರಳಿ ಬಂದಾಗ ಕೂಸಿನ ಮುಖದಲ್ಲಿ ಸ್ವಲ್ಪ ಕಳೆಯಿತ್ತು. ಹಾಲು ಕುಡಿಯಿತು, ಕಕ್ಕಲಿಲ್ಲ. ಗಂಗವ್ವಾಯಿ ಹೊಸ್ತಿಲಲ್ಲಿ ಕಾದಿದ್ದಳು.

“ಏನ್ ಕೇಳಿದ್ರು?”

“ಮನ್ಯಾಗ ಹೊಗಿ ಹಾಕ್ತೀರೇನು ಅಂತ ಆ ಡಾಕ್ಟರ್ ಬಾಯಿ ಕೇಳಿದ್ಲು. ಇಲ್ರೀ ಅಂದ್ನಿ.”

“ಚಲೋ ಮಾಡಿದಿ. ಖರೆ ಹೇಳಿದ್ರ ನಮ್ಮನ್ನ ಹುಚ್ಚರ ಅಂತಾರ.”

“ಔಷಧಿ ಬಾಟ್ಲಿ ಕೊಟ್ಟಾರ. ಅದರ ಗುಣ ನೋಡ ಆಯಿ, ಒಂದ ದಿನಕ್ಕ ಹೆಂಗ ಚೇತರಿಸ್ಯಾಳ!”

ಔಷಧಿಯ ಗುಣವಲ್ಲ, ತಾಯಿ, ಗಾಳಿಯ ಗುಣ ಎಂದು ನಾನು ಮೈಯೆಲ್ಲ ಬಾಯಾಗಿ ಕೂಗಿದೆ. ಅವಳು ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಕಿಟಕಿಯ ಸೀರೆಯನ್ನು ಬಿಗಿಯಾಗಿ ತುರುಕಿದಳು. ಬೋಗುಣಿಗೆ ಬೆಂಕಿ ಹಚ್ಚಿದಳು.

ಔಷಧಿ ಮುಗಿಯಿತು. ನನ್ನ ಜೊತೆಯವರೂ ಮುಗಿದರು. ಈಗ ಕೂಸು ಕೆಮ್ಮುವುದೂ ಇಲ್ಲ. ಉಸಿರೆಳೆದಾಗ ಸಣ್ಣಗೆ ಸೀಟಿಯಂಥ ಸದ್ದು ಬರುತ್ತದೆ, ಅಷ್ಟೇ. ಶಾವಂತ್ರಿ ಎಚ್ಚರವಾಗಿದ್ದಾಳೋ ನಿದ್ದೆಯಲ್ಲಿದ್ದಾಳೋ ಹೇಳಲಾಗದು.

ಇವತ್ತು ಹುಲಿಗೆವ್ವ ಹಿತ್ತಲಿಗೆ ಹೋಗಿ ಬರಿಗೈಯಲ್ಲಿ ಬಂದಳು. ಮನೆಯೊಳಗೆ ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು.

“ಕುಂದರೂ ಮಣಿ ಇನ್ನೊಂದ ಸಿಗ್ತೈತಿ,” ಎಂದು ತನಗೆ ತಾನೇ ಹೇಳಿಕೊಂಡಳು. “ಮೊದಲ ಕೂಸು ಉಳೀಲಿ.”

ಕೊಡಲಿಯಿಂದ ನನ್ನನ್ನು ಸೀಳಿದಳು. ಈಗ ನಾನು ನಾಲ್ಕು ಹೋಳಾಗಿ ಬೋಗುಣಿಯ ಪಕ್ಕದಲ್ಲಿ ಬಿದ್ದಿದ್ದೇನೆ. ಅವಳು ಬೂದಿ ಕೆದಕಿ ಕೆಂಡ ಹುಡುಕುತ್ತಿದ್ದಾಳೆ. ಆ ಬೂದಿ ಅವಳ ಬೆರಳಿಗೆ, ರೆಪ್ಪೆಗೆ, ತುಟಿಗೆ ಮೆತ್ತಿಕೊಂಡಿದೆ.

ಬಹಳ ವರ್ಷ ಬಾಳಲಿ ಎಂದು ನನ್ನನ್ನು ಹೀಗೆ ಮಾಡಿದರು. ಬಾಳಬೇಕೆಂಬ ಆಸೆ ನನಗಿಲ್ಲ. ಮಣ್ಣಿನಡಿ ಹೂಳಿದರೂ ಸರಿ, ಹೊಳೆಗೆ ಎಸೆದರೂ ಸರಿ. ಬೇರೆ ಯಾವ ಮರದ ಕಟ್ಟಿಗೆಯಾದರೂ ಉರಿದು ಯಾರಿಗಾದರೂ ರೊಟ್ಟಿ ಬೇಯಿಸಿಕೊಟ್ಟು ಸಾಯುತ್ತದೆ. ನನಗೆ ಆ ಸಾವೂ ಇಲ್ಲ. ನಾನು ಸತ್ತರೆ ಒಂಟಿಯಾಗಿ ಸಾಯುವುದಿಲ್ಲ.

ಕೆಂಡ ಸಿಕ್ಕಿತು. ಅವಳು ಬಗ್ಗಿ ಊದುತ್ತಿದ್ದಾಳೆ. ನನ್ನ ಒಂದು ಹೋಳು ಅವಳ ಕೈಯಲ್ಲಿದೆ.

ತಾಯಿ, ಬಾಗಿಲು ತೆರೆ. ನನ್ನನ್ನು ಹೊರಗೆ ಹಾಕು.