ಹಿಟ್ಟಿನ ರಾಣಿ

"ಗೋಡೆ ಚೆನ್ನಾಗೇ ಇದೆ ಮೇಷ್ಟ್ರೇ. ಒಳಗೆ ಹೋಗೋ ನಾವೇ ಸರಿಯಿಲ್ಲ," ಎಂದಳು ಅವಳು, ತಂಡದಲ್ಲಿ ಎಲ್ಲರಿಗಿಂತ ಕಿರಿಯವಳು.

ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಹಿಂದೆ ಎಲ್ಲೋ ಪಾಠ ಮಾಡುತ್ತಿದ್ದರಂತೆ. ಈ ಕಚೇರಿಗೆ ಬಂದ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ, ಅವರು ಕರಿಹಲಗೆಯನ್ನು ಬಿಡಲಿಲ್ಲ. ಅದರ ಮೇಲೀಗ ಒಂದು ದೊಡ್ಡ ಮನೆ, ಒಳಗೆ ಸಾಲು ಕೋಣೆಗಳು. ಮನೆಯೆಂದರೆ ಕಂಪ್ಯೂಟರು. ಒಂದೊಂದು ಕೋಣೆಯಲ್ಲೂ ಯಾರದೋ ಪ್ರೋಗ್ರಾಂ ಬಾಡಿಗೆಗೆ ಇರುತ್ತದೆ, ತನ್ನ ಕೋಣೆಯೇ ಇಡೀ ಲೋಕವೆಂದು ನಂಬಿಕೊಂಡು. ಆ ಕೋಣೆಗಳಿಗೆ ಕಂಟೇನರ್ ಎಂದು ಹೆಸರು. ಗೋಡೆ ಕಟ್ಟುವುದು, ಬಾಗಿಲು ತೆಗೆಯುವುದು, ಒಳಗೆ ಹೋಗಿ ಹೇಳಿದ ಕೆಲಸ ಮಾಡಿಸುವುದು, ಇಷ್ಟೂ ಇವರ ತಂಡ ಬರೆದ ರನ್‌ಟೈಮ್ ಎಂಬ ಸಾಫ್ಟ್‌ವೇರಿನ ಪಾಲು. ಯಜಮಾನನ ಅಧಿಕಾರವೆಲ್ಲ ಅದರ ಕೈಯಲ್ಲಿ.

ಅದರಲ್ಲೇ ತೂತು ಕಂಡಿತ್ತು. ಪರಿಚಯವಿಲ್ಲದ ಯಾರೋ ಗುಟ್ಟಾಗಿ ಬರೆದು ತಿಳಿಸಿದ್ದರು: ರನ್‌ಟೈಮ್ ಕೋಣೆಯೊಳಗೆ ಕಾಲಿಟ್ಟ ಗಳಿಗೆಯಲ್ಲಿ ಬಾಡಿಗೆಯವನು ಅದನ್ನೇ ಹಿಡಿದು ತನಗೆ ಬೇಕಾದ ಹಾಗೆ ತಿದ್ದಿಬಿಡಬಹುದು. ಮುಂದಿನ ಸಲ ಅದು ಓಡುವಾಗ ಯಜಮಾನನ ವೇಷದಲ್ಲಿರುವುದು ಬಾಡಿಗೆಯವನೇ. ಇಡೀ ಮನೆ ಅವನದು. ಇವತ್ತು ಸಂಜೆ ಈ ವಿಷಯ ಎಲ್ಲರಿಗೂ ಬಹಿರಂಗವಾಗಲಿತ್ತು. ಅಷ್ಟರಲ್ಲಿ ಗಟ್ಟಿಯಾದ ರಿಪೇರಿ ಹೊರಬೀಳದಿದ್ದರೆ, ಇದನ್ನು ನಂಬಿದ ಆಸ್ಪತ್ರೆ, ಶಾಲೆ, ಅಂಗಡಿಗಳ ಕಂಪ್ಯೂಟರುಗಳೆಲ್ಲ ಬಾಗಿಲು ತೆರೆದಿಟ್ಟುಕೊಂಡು ಕೂತಂತೆ.

ಮೇಷ್ಟ್ರು ಬೆಳಿಗ್ಗೆಯೇ ಒಂದು ರಿಪೇರಿ ಬರೆದಿಟ್ಟಿದ್ದರು. ಒಳಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತು ನೋಡುವುದು; ಬಾಡಿಗೆಯವನು ಹೊಂಚು ಹಾಕಿದ್ದರೆ ವಾಪಸು ಬರುವುದು. ರನ್‌ಟೈಮಿನ ಮೊದಲ ಸಾಲು ಬರೆದವರು ಅವರು, ಅವಳಿಗೆ ಕೆಲಸ ಕಲಿಸಿದವರೂ ಅವರೇ. ಅವರ ಮಾತಿಗೆ ಅಲ್ಲಿ ಈವರೆಗೆ ಯಾರೂ ಅಡ್ಡ ಬಂದಿರಲಿಲ್ಲ.

"ನೋಡಿ ಹೋಗೋದ್ರಲ್ಲಿ ಏನಮ್ಮ ತಪ್ಪು?"

"ನೋಡೋದಕ್ಕೂ ಹೋಗೋದಕ್ಕೂ ನಡುವೆ ಒಂದು ರೆಪ್ಪೆ ಬಡಿಯೋ ಹೊತ್ತಿದೆಯಲ್ಲ. ಅವನಿಗೆ ಅಷ್ಟು ಸಾಕು. ಓಡಿಸಕ್ಕ ಒಂದ್ಸಲ."

ಅಕ್ಕ ಎಂದರೆ ಪರೀಕ್ಷೆ ನೋಡಿಕೊಳ್ಳುವವಳು. ಯಾರು ಬರೆದದ್ದನ್ನೂ ಮುರಿದು ನೋಡದೆ ಬಿಡದವಳು. ಬಾಯಲ್ಲಿ ಬಿಸ್ಕತ್ತು ಕಚ್ಚಿಕೊಂಡೇ ಆಕೆ ಮೇಷ್ಟ್ರ ರಿಪೇರಿಯ ಮೇಲೆ ದಾಳಿಯ ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೆ ಒಂದು ಹಸಿರು ಸಾಲು, ಅದರ ಕೆಳಗೆ ಇನ್ನೊಂದು. ತಡೆಯಿತು, ತಡೆಯಿತು, ತಡೆಯಿತು. ಮೇಷ್ಟ್ರ ಮುಖದಲ್ಲಿ ನಗು ಮೂಡುವಷ್ಟರಲ್ಲಿ ಕೆಂಪು ಸಾಲೊಂದು ಬಿತ್ತು.

"ಹೋಯ್ತು ಮನೆ," ಎಂದಳು ಅಕ್ಕ, ಬಿಸ್ಕತ್ತು ನುಂಗಿ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಸರಿ, ನಿನ್ನ ಕಥೆ ಹೇಳು." ಕಥೆಯಿಲ್ಲದೆ ಅವಳ ಬಾಯಿಂದ ಕೋಡ್ ಕೂಡ ಹೊರಡುವುದಿಲ್ಲವೆಂದು ಅವರಿಗೆ ಗೊತ್ತು.

"ನಮ್ಮಜ್ಜಿ ಹೇಳ್ತಿದ್ರು. ಒಂದು ಅರಮನೆ, ಅದರ ನೆಲಮಾಳಿಗೇಲಿ ಒಬ್ಬ ರಾಕ್ಷಸ. ಊಟ ತಂದೋರ ಕೈ ಹಿಡಿದ್ರೆ ಸಾಕು, ಅವರ ರೂಪ ಅವನಿಗೆ ಬರುತ್ತೆ. ಊಟ ಕೊಡದೇ ಇರೋ ಹಾಗೂ ಇಲ್ಲ, ಮಾತು ಕೊಟ್ಟಾಗಿದೆ. ರಾಣಿ ಏನ್ಮಾಡಿದ್ಲು, ಹಿಟ್ಟು ಕಲಸಿ ತನ್ನ ಹಾಗೇ ಒಂದು ಗೊಂಬೆ ಮಾಡಿ ಕಳಿಸಿದ್ಲು. ಅವನು ಗಬಕ್ಕನೆ ಕೈ ಹಿಡಿದ. ಅಜ್ಜಿ ಅಲ್ಲಿ ನಿಲ್ಲಿಸಿ ಕೇಳೋರು, ಈಗ ಅವನ ಕೈಲಿ ಏನುಳೀತು?"

"ಹಿಟ್ಟು," ಎಂದಳು ಅಕ್ಕ.

"ಅಷ್ಟೇ. ರನ್‌ಟೈಮ್ ತಾನೇ ಹೋಗೋದು ಬೇಡ. ಪ್ರತಿ ಸಲ ಮೆಮೊರೀಲಿ ತನ್ನದೊಂದು ನಕಲು ಮಾಡಿ, ಯಾರೂ ತಿದ್ದೋಕಾಗದ ಹಾಗೆ ಮುದ್ರೆ ಹಾಕಿ, ಅದನ್ನ ಕಳಿಸ್ಲಿ. ಕೆಲಸ ಮುಗಿದ್ಮೇಲೆ ನಕಲು ಬಿಸಾಕೋದು. ಬರೆದಿಟ್ಟಿದೀನಿ, ನೋಡಿ."

"ಪ್ರತಿ ಸಲಾನಾ? ಎಷ್ಟು ಮೆಮೊರಿ ತಿನ್ನುತ್ತೆ ಗೊತ್ತೇನು? ಚಿಕ್ಕ ಮೆಷಿನ್ ಇಟ್ಕೊಂಡೋರು ಬೈತಾರೆ."

"ಬೈಲಿ ಮೇಷ್ಟ್ರೇ. ಬೈಯೋ ಹೊತ್ತಿಗೆ ಮೆಷಿನ್ ಅವರ ಹತ್ರಾನೇ ಇರುತ್ತಲ್ಲ."

ಅಕ್ಕ ಕಿಸಕ್ಕನೆ ನಕ್ಕಳು. ಮೇಷ್ಟ್ರು ನಗಲಿಲ್ಲ. ಅವಳ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕನ್ನಡಕ ಹಣೆಗೇರಿಸಿ, ಮೇಲಿನಿಂದ ಬೆರಳಿಟ್ಟು ಓದತೊಡಗಿದರು. ಅವಳು ಕಿಟಕಿಗೆ ಒರಗಿ ಕಾದಳು. ಎದುರು ಕಟ್ಟಡದಲ್ಲಿ ಯಾರೋ ಗಾಜು ಒರೆಸುತ್ತಿದ್ದರು; ಒರೆಸಿದ ಒಂದೊಂದು ಕಿಟಕಿಯಲ್ಲೂ ಆಕಾಶ ಬಂದು ಕೂರುತ್ತಿತ್ತು. ಅವಳಿಗೆ ಗಾಬರಿಯಿರಲಿಲ್ಲ. ಈ ಗೊಂಬೆ ಗಟ್ಟಿಯೆಂದು ಅವಳ ಬೆರಳುಗಳಿಗೇ ಗೊತ್ತಿತ್ತು.

ಮೇಷ್ಟ್ರ ಬೆರಳು ನಿಂತಿತು.

"ಗೊಂಬೆ ಚೆನ್ನಾಗಿದೆ. ಆದ್ರೆ ಅದರ ಬೆರಳಿಗೆ ರಾಣಿಯ ಅಸಲಿ ಉಂಗುರ ಹಾಕಿ ಕಳಿಸಿದೀಯಲ್ಲ."

ಅವಳು ಬಗ್ಗಿ ನೋಡಿದಳು. ನಿಜ. ನಕಲು ಮಾಡಲೆಂದು ತೆರೆದ ಮೂಲ ರನ್‌ಟೈಮಿನ ಫೈಲನ್ನು ಅವಳು ಮುಚ್ಚಿರಲಿಲ್ಲ. ನಕಲು ಅದನ್ನು ಹಿಡಿದುಕೊಂಡೇ ಕೋಣೆಗೆ ಹೋಗುತ್ತಿತ್ತು. ಬಾಡಿಗೆಯವನು ಗೊಂಬೆಯನ್ನು ಬಿಟ್ಟು, ಆ ಫೈಲಿನ ಜಾಡು ಹಿಡಿದು ಸೀದಾ ಮೂಲಕ್ಕೇ ಬರಬಹುದಿತ್ತು. ಅವಳ ಕಿವಿ ಬಿಸಿಯಾಯಿತು.

"ಕೊಡಿ ಇಲ್ಲಿ," ಎಂದು ಕೀಬೋರ್ಡ್ ಎಳೆದುಕೊಂಡಳು. ನಕಲು ಹೊರಡುವ ಮುನ್ನ ಮೂಲವನ್ನು ಮುಚ್ಚುವ ಒಂದೇ ಒಂದು ಸಾಲು ಸೇರಿಸಿದಳು. "ಉಂಗುರ ಬಿಚ್ಚಿಟ್ಟೆ. ಈಗ ನೋಡಕ್ಕ."

ಹಸಿರು. ಮತ್ತೆ ಹಸಿರು. ಅಕ್ಕ ದಾಳಿಯನ್ನು ಇನ್ನಷ್ಟು ಚುರುಕು ಮಾಡಿದಳು, ಬಿಸ್ಕತ್ತಿನ ಇನ್ನೊಂದು ಪೊಟ್ಟಣ ಒಡೆದಳು, ಪೊಟ್ಟಣ ಬರಿದಾಗುವವರೆಗೂ ಕಣ್ಣು ಕೀಳದೆ ಕೂತಳು. ಕೊನೆಗೆ, "ನನ್ನ ಕೈಲಂತೂ ಆಗಲ್ಲಪ್ಪ ಇದನ್ನ ಮುರಿಯೋಕೆ," ಎಂದಳು. ಆಕೆಯ ಬಾಯಿಂದ ಇಂಥ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಮೇಷ್ಟ್ರು ತಮ್ಮ ರಿಪೇರಿಯನ್ನು ಅಳಿಸಿದರು. ಅವಳದಕ್ಕೆ ಒಪ್ಪಿಗೆ ಒತ್ತಿದರು. "ಬಿಡು ಹೊರಗೆ. ಕೆಳಗೆ ನಿನ್ನ ಹೆಸರೇ ಇರಲಿ."

ಬಿಸಿಲು ಮೇಜಿನಿಂದ ಇಳಿಯುವ ಮೊದಲೇ ರಿಪೇರಿ ಹೊರಟುಹೋಯಿತು. ಎಲ್ಲೆಲ್ಲಿಂದಲೋ ಅದನ್ನು ಇಳಿಸಿಕೊಳ್ಳುತ್ತಿರುವ ಸುದ್ದಿ ಪರದೆಗೆ ಬರತೊಡಗಿತು. ಅಕ್ಕ ಮೇಜಿನ ಮೇಲಿನ ಪುಡಿ ಒರೆಸಿ ಚೀಲ ಹೆಗಲಿಗೇರಿಸಿದಳು.

ಮೇಷ್ಟ್ರು ಹಲಗೆಯ ಮುಂದೆ ನಿಂತು ಡಸ್ಟರಿಗಾಗಿ ಅತ್ತಿತ್ತ ನೋಡಿದರು. ಸಿಗಲಿಲ್ಲ. ಅಂಗೈಯಿಂದಲೇ ಕೋಣೆಗಳನ್ನು ಒಂದೊಂದಾಗಿ ಅಳಿಸತೊಡಗಿದರು.

"ಆ ರಾಕ್ಷಸ ಕೊನೆಗೆ ಏನಾದನಮ್ಮ?"

"ಏನಾಗ್ತಾನೆ ಮೇಷ್ಟ್ರೇ? ಅಲ್ಲೇ ಇದಾನೆ. ದಿನಾ ಗೊಂಬೆ ಕೈಲಿ ಊಟ ಹೋಗುತ್ತೆ."

ಅವರು ತಲೆದೂಗಿದರು. ಮನೆ ಪೂರ್ತಿ ಅಳಿಸಿದ ಮೇಲೂ ಕಿಟಕಿಯ ಬೆಳಕಿನಲ್ಲಿ ನಿಂತಿದ್ದರು, ಅಂಗೈ ತೆರೆದು, ಅದರ ತುಂಬ ಹಿಟ್ಟಿನ ಹಾಗೆ ಅಂಟಿದ ಬಿಳಿ ಪುಡಿಯನ್ನೇ ನೋಡುತ್ತ.